ಎಲೆಯಲ್ಲಿ ಸುತ್ತಿದ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕೋಟೆ ಕೊತ್ತಲಗಳು, ಶಿಲಾಶಾಸನಗಳು, ದಂಡಯಾತ್ರೆಗಳು, ರಾಜರ ವಂಶಾವಳಿಗಳು. ಅಡುಗೆಮನೆಗೂ ಒಂದು ಚರಿತ್ರೆಯಿದೆ ಎಂದರೆ ನಗುವವರು ಈಗ ಕಡಿಮೆಯಾಗಿದ್ದಾರೆ. ಆದರೆ ಆ ಚರಿತ್ರೆಯನ್ನು ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಇಂದಿಗೂ ಸುಲಭದ್ದಲ್ಲ. ಅರಮನೆಯ ಪಾಕಶಾಲೆಯ ವಿಷಯ ಗ್ರಂಥಗಳಲ್ಲಿ ಸಿಗುತ್ತದೆ. ದೇವಾಲಯದ ನೈವೇದ್ಯದ ವಿಷಯ ಕಲ್ಲಿನ ಮೇಲೆ ಸಿಗುತ್ತದೆ. ಸಾಮಾನ್ಯ ಮನೆಯ ಒಲೆಯ ಬಳಿ ನಡೆದದ್ದು ಎಲ್ಲಿ ಸಿಗುತ್ತದೆ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಂದು ಎರಡು ಸುರುಳಿಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಂದು, ಜಪಾನೀಯರ ಸುಶಿ. ಇನ್ನೊಂದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮನೆಮನೆಯಲ್ಲಿ ಮಳೆಗಾಲದಲ್ಲಿ ಆಗುವ ಪತ್ರೊಡೆ. ಎತ್ತಣ ಮಾಮರ, ಎತ್ತಣ ಕೋಗಿಲೆ ಎಂದು ಕೇಳುಗರಿಗೆ ಅನ್ನಿಸಬಹುದು. ಆದರೆ ಈ ಎರಡರ ನಡುವಿನ ದೂರವನ್ನು ನಮ್ಮ ಮಕ್ಕಳೇ ಕಡಿಮೆ ಮಾಡಿದ್ದಾರೆ. ಬೆಂಗಳೂರಿನಲ್ಲಿ, ಅಮೆರಿಕದಲ್ಲಿ, ಸಿಂಗಪುರದಲ್ಲಿ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಭಾನುವಾರ ಸ್ನೇಹಿತರನ್ನು ಕರೆದು, ಮೇಜಿನ ಸುತ್ತ ಕುಳಿತು, ಬಿದಿರಿನ ಸಣ್ಣ ಚಾಪೆಯ ಮೇಲೆ ಕಡಲಪಾಚಿಯ ಹಾಳೆ ಹಾಸಿ, ಅನ್ನ ಹರಡಿ, ಸೌತೆಕಾಯಿ ಗಜ್ಜರಿಗಳನ್ನಿಟ್ಟು ಸುಶಿ ಸುತ್ತುವುದು ಈಗ ಒಂದು ಸಂತೋಷದ ಆಟವಾಗಿದೆ. ಊರಿನಿಂದ ಬಂದ ಅಜ್ಜಿಯೊಬ್ಬರು ಅದನ್ನು ನೋಡಿ ‘ಇದು ನಮ್ಮ ಪತ್ರೊಡೆಯ ಹಾಗೇ ಇದೆಯಲ್ಲ’ ಎಂದರೆ ಅದು ಮುಗ್ಧತೆಯ ಮಾತು ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ವಿಚಾರ ಮಾಡಬೇಕಾದ ಅಂಶವಿದೆ.

ಮೊದಲು ಸುಶಿಯ ಕಥೆಯನ್ನು ನೋಡೋಣ. ಸುಶಿ ಎಂದರೆ ಹಸಿ ಮೀನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ, ಸುಶಿಯ ಜೀವವಿರುವುದು ಹುಳಿಯಾದ ಅನ್ನದಲ್ಲಿ. ಆಗ್ನೇಯ ಏಷ್ಯದ ಭತ್ತ ಬೆಳೆಯುವ ನದೀಬಯಲುಗಳಲ್ಲಿ ಮೀನನ್ನು ಕೆಡದಂತೆ ಇರಿಸಲು ಜನ ಕಂಡುಕೊಂಡ ಉಪಾಯ ಅದರ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. ಉಪ್ಪು ಹಾಕಿದ ಮೀನನ್ನು ಬೆಂದ ಅನ್ನದಲ್ಲಿ ಹೂತು ಭಾರವಿಟ್ಟು ತಿಂಗಳುಗಟ್ಟಲೆ ಬಿಡುತ್ತಿದ್ದರು. ಅನ್ನ ಹುಳಿಯುತ್ತಿತ್ತು, ಆ ಹುಳಿ ಮೀನನ್ನು ಕಾಪಾಡುತ್ತಿತ್ತು. ಕೊನೆಗೆ ಅನ್ನವನ್ನು ಚೆಲ್ಲಿ ಮೀನನ್ನಷ್ಟೇ ತಿನ್ನುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತ ‘ಫುನಾಝುಶಿ’ ಎಂಬ ಹೆಸರಿನಲ್ಲಿ ಈ ಪದ್ಧತಿ ಈಗಲೂ ಉಳಿದಿದೆ. ಕ್ರಿ.ಶ. ೯೨೭ರಲ್ಲಿ ಸಂಕಲಿತವಾದ ‘ಎಂಗಿಶಿಕಿ’ ಎಂಬ ರಾಜಶಾಸನ ಗ್ರಂಥದಲ್ಲಿ ಬೇರೆ ಬೇರೆ ಪ್ರಾಂತ್ಯಗಳು ಅರಮನೆಗೆ ಕಂದಾಯವಾಗಿ ಒಪ್ಪಿಸಬೇಕಾದ ಸುಶಿಯ ಬಗೆಗಳ ಪಟ್ಟಿಯಿದೆ. ನಮ್ಮಲ್ಲಿ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ ‘ಇಡ್ಡಲಿಗೆ’ಯ ಹೆಸರನ್ನೆತ್ತುವ ಕಾಲವೂ ಹೆಚ್ಚುಕಡಿಮೆ ಅದೇ ಎಂಬುದನ್ನು ಕೇಳುಗರು ಗಮನಿಸಬಹುದು.

ಕಾಲ ಕಳೆದಂತೆ ಜನ ಅನ್ನವನ್ನು ಚೆಲ್ಲದೆ ಮೀನಿನೊಡನೆ ತಿನ್ನತೊಡಗಿದರು. ಆ ಮೇಲೆ, ತಿಂಗಳುಗಟ್ಟಲೆ ಕಾಯುವ ತಾಳ್ಮೆಯಿಲ್ಲದ ನಗರದ ಜನ ಅನ್ನಕ್ಕೆ ನೇರವಾಗಿ ವಿನೆಗರ್ ಬೆರೆಸಿ ಅದೇ ದಿನ ಹುಳಿಯ ರುಚಿಯನ್ನು ಪಡೆದರು. ಈಗ ಟೋಕಿಯೋ ಎನ್ನಿಸಿಕೊಂಡಿರುವ ಎಡೋ ನಗರದಲ್ಲಿ ೧೮೨೦ರ ದಶಕದ ಹೊತ್ತಿಗೆ ಬೀದಿಬದಿಯ ಅಂಗಡಿಗಳಲ್ಲಿ ಅನ್ನದ ಸಣ್ಣ ಉಂಡೆಯ ಮೇಲೆ ಮೀನಿನ ಚೂರನ್ನಿಟ್ಟು ಕೊಡುವ ಪದ್ಧತಿ ಪ್ರಸಿದ್ಧವಾಯಿತು. ಅದಕ್ಕೂ ಮೊದಲೇ, ೧೮ನೆಯ ಶತಮಾನದ ನಡುಭಾಗದಲ್ಲಿ, ಸುರುಳಿ ಸುತ್ತಿದ ಸುಶಿಯ ಪ್ರಸ್ತಾಪ ಅಲ್ಲಿಯ ಅಡುಗೆಯ ಪುಸ್ತಕಗಳಲ್ಲಿ ಕಾಣಿಸುತ್ತದೆ. ಅದು ಸಾಧ್ಯವಾದದ್ದು ಕಡಲಪಾಚಿಯನ್ನು ಕಾಗದದ ಹಾಗೆ ತೆಳುವಾದ ಹಾಳೆಯಾಗಿ ಮಾಡುವ ವಿದ್ಯೆಯಿಂದ. ಪಾಚಿಯನ್ನು ಕೊಚ್ಚಿ, ನೀರಿನಲ್ಲಿ ಕದಡಿ, ಚೌಕಟ್ಟಿನ ಮೇಲೆ ಹರಡಿ, ಬಿಸಿಲಿಗೆ ಒಣಗಿಸುವ ಈ ಕ್ರಮ ಕಾಗದ ಮಾಡುವವರ ಕೈಚಳಕದ ಅನುಕರಣೆ. ಬರೆಯುವ ಹಾಳೆಯ ವಿದ್ಯೆ ಉಣ್ಣುವ ಹಾಳೆಗೆ ಬಂದಿತು.

ಈ ಹಾಳೆಗೆ ‘ನೊರಿ’ ಎಂದು ಹೆಸರು. ಅದರ ಕಥೆಯಲ್ಲಿ ಒಂದು ವಿಶೇಷ ಪ್ರಸಂಗವಿದೆ. ಶತಮಾನಗಳಿಂದ ಜಪಾನಿನ ಕಡಲತೀರದ ಬೆಸ್ತರು ಚಳಿಗಾಲದಲ್ಲಿ ಪಾಚಿಯನ್ನು ಕೊಯ್ಯುತ್ತಿದ್ದರು. ಬೇಸಿಗೆಯಲ್ಲಿ ಅದು ಎಲ್ಲಿ ಮಾಯವಾಗುತ್ತದೆ, ಮುಂದಿನ ಬೆಳೆಯ ಬೀಜ ಎಲ್ಲಿಂದ ಬರುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬೆಳೆ ಬಂದರೆ ಭಾಗ್ಯ, ಬಾರದಿದ್ದರೆ ಕೇಡು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಆ ಬೆಳೆ ಬಹಳ ಕೆಟ್ಟಿತ್ತು. ಆಗ, ೧೯೪೯ರಲ್ಲಿ, ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ ಬೇಕರ್ ಎಂಬ ಸಸ್ಯವಿಜ್ಞಾನಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಈ ಜಾತಿಯ ಪಾಚಿ ತನ್ನ ಬಾಳಿನ ಒಂದು ಅವಸ್ಥೆಯನ್ನು ಸತ್ತ ಚಿಪ್ಪುಗಳೊಳಗೆ, ಕಣ್ಣಿಗೆ ಕಾಣದಷ್ಟು ನವಿರಾದ ಎಳೆಗಳಾಗಿ ಕಳೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದರ ಆಧಾರದ ಮೇಲೆ ಜಪಾನಿನ ವಿಜ್ಞಾನಿಗಳು ಚಿಪ್ಪುಗಳಲ್ಲಿ ಬೀಜ ಬೆಳೆಸುವ ಕ್ರಮವನ್ನು ರೂಪಿಸಿದರು. ಕೆಟ್ಟಿದ್ದ ಬೆಳೆ ಎದ್ದು ನಿಂತಿತು. ಆ ಮಹಿಳೆ ಜಪಾನನ್ನು ಕಾಣದೆಯೇ ೧೯೫೭ರಲ್ಲಿ ತೀರಿಕೊಂಡರು. ಕುಮಾಮೊಟೊ ಪ್ರಾಂತ್ಯದ ಉಟೊ ಎಂಬ ಊರಿನಲ್ಲಿ ೧೯೬೩ರಲ್ಲಿ ಪಾಚಿ ಬೆಳೆಗಾರರು ಅವರ ಸ್ಮಾರಕವನ್ನು ಕಟ್ಟಿದರು. ಪ್ರತಿವರ್ಷ ಏಪ್ರಿಲ್ ೧೪ರಂದು ಅಲ್ಲಿ ಅವರನ್ನು ಸ್ಮರಿಸುತ್ತಾರೆ. ಊಟದ ಹಿಂದಿರುವ ಒಂದು ತಿಳಿವಳಿಕೆಗೆ, ಅದನ್ನು ಕೊಟ್ಟ ಒಬ್ಬ ಹೆಂಗಸಿಗೆ, ಹೆಸರು ಹಿಡಿದು ಕೃತಜ್ಞತೆ ಸಲ್ಲಿಸಿದ ಇಂಥ ನಿದರ್ಶನ ಲೋಕದಲ್ಲಿ ಹೆಚ್ಚಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೇಳುಗರನ್ನು ಪ್ರಾರ್ಥಿಸುತ್ತೇನೆ. ಮುಂದೆ ಇದರ ಉಪಯೋಗವಿದೆ.

ಅಂಗಡಿಯ ಸುಶಿಗೆ ವರ್ಷಗಟ್ಟಲೆ ಪಳಗಿದ ಬಾಣಸಿಗ ಬೇಕು. ಆದರೆ ಜಪಾನಿನ ಮನೆಗಳಲ್ಲಿ ಅದರ ರೀತಿಯೇ ಬೇರೆ. ನಡುವೆ ಅನ್ನದ ಬೋಗುಣಿ, ಸುತ್ತ ತಟ್ಟೆಗಳಲ್ಲಿ ಹೂರಣಗಳು, ಪಕ್ಕದಲ್ಲಿ ನೊರಿಯ ಹಾಳೆಗಳು. ಪ್ರತಿಯೊಬ್ಬರೂ ತಮಗೆ ಬೇಕಾದುದನ್ನು ಕೈಯಲ್ಲೇ ಸುತ್ತಿಕೊಂಡು ತಿನ್ನುತ್ತಾರೆ. ಅದಕ್ಕೆ ‘ತೆಮಾಕಿ’, ಅಂದರೆ ಕೈಸುರುಳಿ, ಎಂದು ಹೆಸರು. ಫೆಬ್ರವರಿಯ ಆದಿಯಲ್ಲಿ ಬರುವ ಸೆತ್ಸುಬುನ್ ಹಬ್ಬದಂದು ಆ ವರ್ಷದ ಶುಭದಿಕ್ಕಿಗೆ ಮುಖಮಾಡಿ ಕುಳಿತು, ಮಾತನಾಡದೆ, ಕತ್ತರಿಸದ ಒಂದು ಇಡೀ ಸುರುಳಿಯನ್ನು ತಿನ್ನುವ ವಾಡಿಕೆಯೂ ಇದೆ. ಒಸಾಕಾ ಕಡೆಯಿಂದ ಬಂದ ಈ ವಾಡಿಕೆ ಈಗ ದೇಶದ ತುಂಬ ಹಬ್ಬಿದೆ. ಜಪಾನೀಯರ ಸಾಂಪ್ರದಾಯಿಕ ಆಹಾರ ಸಂಸ್ಕೃತಿಯನ್ನು ೨೦೧೩ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮೀನು ಕೆಡದಿರಲೆಂದು ಹುಟ್ಟಿದ ಉಪಾಯ ಜಗತ್ತಿನ ಗೌರವಕ್ಕೆ ಪಾತ್ರವಾಗಲು ಸಾವಿರ ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು.

ಇನ್ನು ನಮ್ಮ ಸೀಮೆಗೆ ಬರೋಣ.

ಜಯಪುರವೆಂಬುದು ಕೊಪ್ಪ ತಾಲೂಕಿನ ಒಂದು ಸಣ್ಣ ಪೇಟೆ. ಪಶ್ಚಿಮಕ್ಕೆ ಹೋದರೆ ತುಂಗೆಯ ದಡದ ಶೃಂಗೇರಿ. ಆಗ್ನೇಯಕ್ಕೆ ಹೋದರೆ ನರಸಿಂಹರಾಜಪುರ ತಾಲೂಕಿಗೆ ಸೇರಿದ, ಭದ್ರೆಯ ದಡದ ಬಾಳೆಹೊನ್ನೂರು. ಎರಡು ಹೊಳೆಗಳ ನಡುವಿನ ಈ ನೆಲದಲ್ಲಿ ಕಾಫಿ, ಅಡಿಕೆ, ಮೆಣಸು, ಏಲಕ್ಕಿ. ಅವುಗಳ ಸಂದಿನಲ್ಲಿ ಗದ್ದೆ. ಒಂದೊಂದು ಗುಡ್ಡದ ಮಡಿಲಲ್ಲಿ ಒಂದೊಂದು ಮನೆ. ಮಳೆಯ ವಿಷಯ ಹೇಳಬೇಕಾಗಿಲ್ಲ. ಇಲ್ಲಿಂದ ದೂರವಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೬೦೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ ಎಂದರೆ ಸಾಕು.

ಅಂಥ ಮಳೆಯ ನಾಡಿನಲ್ಲಿ ಆಷಾಢ ಮಾಸವೆಂದರೆ ಹಿಂದೆ ಹಬ್ಬದ ಕಾಲವಾಗಿರಲಿಲ್ಲ. ಕಳೆದ ವರ್ಷದ ಭತ್ತ ಕಣಜದಲ್ಲಿ ತಳಕಾಣುತ್ತಿತ್ತು. ಹೊಸ ಬೆಳೆಗೆ ತಿಂಗಳುಗಳು ಬಾಕಿ. ಹಿತ್ತಿಲಿನ ತರಕಾರಿ ಮಳೆಗೆ ಕೊಳೆಯುತ್ತಿತ್ತು. ಹೊಳೆ ಹಳ್ಳಗಳು ತುಂಬಿ ಪೇಟೆಯ ದಾರಿ ಮುಚ್ಚುತ್ತಿತ್ತು. ಆಗ ಮನೆಯವರ ಕಣ್ಣು ಕಾಡಿನ ಕಡೆಗೆ ಹೋಗುತ್ತಿತ್ತು. ಮಳೆಗೆ ತಾನಾಗಿ ಎದ್ದ ಬಿದಿರಿನ ಕಳಲೆ, ತಗಚೆಯ ಚಿಗುರು, ಅಣಬೆ, ಮತ್ತು ಎಲ್ಲಕ್ಕಿಂತ ಧಾರಾಳವಾಗಿ ಕೆಸುವಿನ ಎಲೆ. ಘಟ್ಟದ ಕೆಳಗಿನ ತುಳುನಾಡಿನಲ್ಲಿ ಆಟಿ ತಿಂಗಳು, ಕೊಡಗಿನಲ್ಲಿ ಕಕ್ಕಡ ತಿಂಗಳು ಎನ್ನುವುದೂ ಇದೇ ಕಾಲಕ್ಕೆ. ಅಲ್ಲಿಯೂ ಕೆಸುವೇ ಆಸರೆ. ಇಂದು ನಾವು ರುಚಿಗಾಗಿ ಹುಡುಕಿಕೊಂಡು ಹೋಗುವ ಪತ್ರೊಡೆ ಹೀಗೆ ಕೊರತೆಯ ಕಾಲದ ಊಟ. ಸುಶಿಯ ಹಾಗೆ ಅದೂ ಹೊಟ್ಟೆಪಾಡಿನ ಒಂದು ಉಪಾಯವಾಗಿ ಹುಟ್ಟಿ, ಕೈಯ ಸಂಸ್ಕಾರದಿಂದ ಹಬ್ಬದ ತಿಂಡಿಯಾಗಿ ಬೆಳೆಯಿತು.

ಕೆಸುವಿನಲ್ಲಿ ಬಗೆಗಳುಂಟು. ನೀರಿನ ಆಸರೆಯಲ್ಲಿ ಬೆಳೆಯುವ ಹಸಿರು ದಂಟಿನದು, ಹಿತ್ತಿಲಲ್ಲಿ ನೆಟ್ಟು ಬೆಳೆಸುವ ಕಪ್ಪು ದಂಟಿನದು, ಇವೆಲ್ಲಕ್ಕಿಂತ ಮೇಲೆಂದು ಮಲೆನಾಡಿಗರು ಮೆಚ್ಚುವ ಮರಕೆಸು. ಈ ಮರಕೆಸು ನೆಲದ ಮೇಲಲ್ಲ, ಹಳೆಯ ಮರಗಳ ಬೊಡ್ಡೆಯಲ್ಲಿ, ಕವಲುಗಳಲ್ಲಿ, ಪಾಚಿಗಟ್ಟಿದ ತೊಗಟೆಯಲ್ಲಿ ಹುಟ್ಟುತ್ತದೆ. ಮುಂಗಾರಿನ ಮಳೆ ಹಿಡಿದ ಮೇಲೆ ಎಲೆ ಬಿಡುತ್ತದೆ. ಮಳೆ ಕಳೆದರೆ ಇಲ್ಲವಾಗುತ್ತದೆ. ಅದರ ಸಣ್ಣ ಗಡ್ಡೆಮೊಳಕೆಗಳ ಮೇಲೆ ಕೊಕ್ಕೆಯಂಥ ಮುಳ್ಳುಗಳಿದ್ದು, ಅವು ಪ್ರಾಣಿಗಳ ಮೈಗೆ ಅಂಟಿಕೊಂಡು ಮರದಿಂದ ಮರಕ್ಕೆ ಸಾಗುತ್ತವೆ. ಹಳೆಯ ಮರವಿಲ್ಲದ ಕಡೆ ಮರಕೆಸುವಿಲ್ಲ. ಕಾಫಿ ತೋಟದ ನೆರಳಿನ ಮರಗಳು ಅದಕ್ಕೆ ಇಷ್ಟು ಕಾಲ ಆಶ್ರಯ ಕೊಟ್ಟವು.

ಕೆಸುವಿಗೆ ಒಂದು ದೋಷವುಂಟು, ತುರಿಕೆ. ಅದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹಸಿಯಾಗಿ ಬಾಯಿಗಿಟ್ಟರೆ ನಾಲಗೆ ಗಂಟಲುಗಳನ್ನು ಚುಚ್ಚುತ್ತವೆ. ಹುಣಿಸೆಯ ಹುಳಿ ಮತ್ತು ದೀರ್ಘವಾದ ಬೇಯುವಿಕೆ ಈ ತುರಿಕೆಯನ್ನು ಅಡಗಿಸುತ್ತವೆ. ರಸಾಯನಶಾಸ್ತ್ರ ಈ ಹರಳಿಗೆ ಹೆಸರಿಡುವ ಮೊದಲೇ ನಮ್ಮ ಹೆಂಗಸರು ಅದರ ಸ್ವಭಾವವನ್ನು ಅರಿತಿದ್ದರು. ಯಾವ ಎಲೆಯನ್ನು ಯಾವ ತಿಂಗಳಲ್ಲಿ ಕೊಯ್ಯಬೇಕು, ಯಾವುದು ಎಳೆಯದು, ಯಾವುದಕ್ಕೆ ಹುಳಿ ಹೆಚ್ಚು ಬೇಕು, ಎಷ್ಟು ಹೊತ್ತು ಬೇಯಬೇಕು ಎಂಬ ತಿಳಿವಳಿಕೆ ಎಷ್ಟು ತಲೆಮಾರುಗಳ ನಾಲಗೆ ತುರಿಸಿದ ಮೇಲೆ ಬಂದಿತೋ ಊಹಿಸಿಕೊಳ್ಳಬಹುದು.

ಈಗ ಮಾಡುವ ಕ್ರಮ. ಇದರಲ್ಲಿಯೇ ನನ್ನ ಮಾತಿನ ಮುಖ್ಯಾಂಶವಿದೆ. ಬೆಳ್ತಿಗೆ ಅಕ್ಕಿಯನ್ನು, ಕೆಲವರು ಸ್ವಲ್ಪ ಬೇಳೆಯನ್ನೂ ಸೇರಿಸಿ, ನೆನೆಹಾಕಬೇಕು. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಅರಿಸಿನ, ಹುಣಿಸೆಹಣ್ಣು, ಬೆಲ್ಲ, ಉಪ್ಪು ಕೂಡಿಸಿ ತರಿಯಾಗಿ ಗಟ್ಟಿಯಾಗಿ ರುಬ್ಬಬೇಕು. ಎಲೆಗಳನ್ನು ತೊಳೆದು ಒರಸಿ, ಬೆನ್ನಿನ ದಪ್ಪ ನರಗಳನ್ನು ಚಾಕುವಿನಿಂದ ಹೆರೆಯಬೇಕು. ಎಲೆಯ ಮುಖದ ಮೇಲೆ ನೀರೂ ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಕವುಚಿ ಹಾಸಿ, ಬೆನ್ನಿಗೆ ಹಿಟ್ಟು ಸವರಬೇಕು. ದೊಡ್ಡ ಎಲೆ ಅಡಿಗೆ, ಅದರ ಮೇಲೆ ಅದಕ್ಕಿಂತ ಚಿಕ್ಕದು ತುದಿಬುಡ ಅದಲುಬದಲಾಗಿ, ಮತ್ತೆ ಹಿಟ್ಟು, ಮತ್ತೆ ಎಲೆ; ಹೀಗೆ ಐದಾರು ಪದರ. ಎರಡು ಅಂಚುಗಳನ್ನು ಒಳಕ್ಕೆ ಮಡಿಸಿ, ಬಿಗಿಯಾಗಿ ಸುತ್ತಿ, ಬೇಕಾದರೆ ಬಾಳೆಯ ನಾರಿನಿಂದ ಕಟ್ಟಿ, ಹಬೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಿಸಬೇಕು. ಆರಿದ ಮೇಲೆ ಗಾಲಿಗಾಲಿಯಾಗಿ ಕೊಯ್ದರೆ ಒಳಗೆ ಹಸಿರು ಬಿಳಿಯ ಸುಳಿ ಕಾಣುತ್ತದೆ. ಅದನ್ನು ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಕಾಯಿಸಬಹುದು. ಪುಡಿ ಮಾಡಿ ಒಗ್ಗರಣೆ ಹಾಕಿ ಕಾಯಿ ಬೆಲ್ಲ ಬೆರೆಸಲೂಬಹುದು.

ಇಷ್ಟು ಕೆಲಸ ಒಬ್ಬರಿಂದ ಆಗುವಂಥದಲ್ಲ. ಆದರೂ ಅದರಲ್ಲಿ ಸುಖವಿಲ್ಲ. ಒಬ್ಬರು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಎಲೆ ಕೊಯ್ದು ತರಬೇಕು. ಒಬ್ಬರು ನರ ಹೆರೆಯಬೇಕು. ಒರಳುಕಲ್ಲಿನ ಮುಂದೆ ಇಬ್ಬರು. ಹಿಟ್ಟು ಸವರಲು ಮಕ್ಕಳೂ ಆಗಬಹುದು. ಸುತ್ತಲು ಮಾತ್ರ ಅನುಭವವುಳ್ಳ ಕೈ ಬೇಕು. ಆಷಾಢದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಪದ್ಧತಿ ನಮ್ಮಲ್ಲಿದೆ. ಎಲೆ ಸಿಗುವ ತಿಂಗಳೂ, ಮಗಳು ಮನೆಯಲ್ಲಿರುವ ತಿಂಗಳೂ ಒಂದೇ ಆದದ್ದರಿಂದ ತಾಯಿಯ ಕೈಯ ವಿದ್ಯೆ ಮಗಳ ಕೈಗೆ, ಅಲ್ಲಿಂದ ಅವಳ ಗಂಡನ ಮನೆಗೆ ಸಾಗಿತು. ಗದ್ದೆಯ ನಾಟಿಗೆ ಒಂದು ಮನೆಯವರು ಇನ್ನೊಂದು ಮನೆಗೆ ಮುಯ್ಯಾಳಾಗಿ ಹೋಗುತ್ತಿದ್ದ ಕಾಲದಲ್ಲಿ ಇಂಥ ಅಡುಗೆಗೂ ನೆರೆಮನೆಯ ಕೈಗಳು ಕೂಡುತ್ತಿದ್ದವು. ಮುಯ್ಯಿಯಾಗಿ ಆ ಮನೆಗೂ ಒಂದೆರಡು ಸುರುಳಿ ಹೋಗುತ್ತಿತ್ತು. ಸುಶಿಯ ಮೇಜಿನ ಸುತ್ತ ಇಂದು ನಮ್ಮ ಮಕ್ಕಳು ಅನುಭವಿಸುವ ಸಂತೋಷದ ಬೇರು ಇದೇ ಬಗೆಯದು. ಸುರುಳಿಯೆಂಬುದು ಹಲವು ಕೈಗಳನ್ನು ಬೇಡುವ ಅಡುಗೆ. ಆದ್ದರಿಂದಲೇ ಅದು ಜನರನ್ನು ಕೂಡಿಸುತ್ತದೆ.

ಆದರೆ ಈ ಚಿತ್ರವನ್ನು ಬರಿಯ ಚೆಂದದ ಚಿತ್ರವನ್ನಾಗಿ ಮಾಡುವುದು ನ್ಯಾಯವಲ್ಲ. ಹೊಗೆ ತುಂಬಿದ ಅಡುಗೆಮನೆ, ಒದ್ದೆ ಸೌದೆ, ಭಾರವಾದ ಒರಳುಕಲ್ಲು, ನರ ಹೆರೆದು ತುರಿಸುವ ಬೆರಳುಗಳು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸರು, ಇವೂ ಆ ಚಿತ್ರಕ್ಕೆ ಸೇರಿದವು. ಕೂಡಿ ಮಾಡುವ ಕೆಲಸವೆಂದು ನಾವು ಹೊಗಳುವುದರಲ್ಲಿ ಕೂಡಿದ ಕೈಗಳು ಬಹುಮಟ್ಟಿಗೆ ಹೆಂಗಸರವು. ಇಂದು ಸುಶಿ ಸುತ್ತುವ ಮೇಜಿನಲ್ಲಿ ಗಂಡಸರೂ ಹುಡುಗರೂ ಕೈಜೋಡಿಸಿ ಕುಳಿತಿದ್ದರೆ ಅದು ನಮ್ಮ ಹಳೆಯ ಅಡುಗೆಮನೆ ಕಲಿಯಬೇಕಾದ ಪಾಠವೇ ಹೌದು.

ಒಂದು ಸುರುಳಿಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎಷ್ಟು ಕಾಲಗಳು ಅಡಗಿವೆ! ಕೆಸು ಮನುಷ್ಯ ಬೆಳೆಸಿದ ಅತಿ ಪ್ರಾಚೀನ ಸಸ್ಯಗಳಲ್ಲೊಂದು. ನ್ಯೂಗಿನಿಯ ಕುಕ್ ಎಂಬ ಜೌಗುಭೂಮಿಯಲ್ಲಿ ದೊರೆತ, ಸುಮಾರು ೧೦,೦೦೦ ವರ್ಷ ಹಳೆಯದಾದ ಕಲ್ಲಿನ ಉಪಕರಣಗಳ ಮೇಲೆ ಕೆಸುವಿನ ಗಡ್ಡೆಯ ಪಿಷ್ಟದ ಕಣಗಳು ಸಿಕ್ಕಿವೆ. ದೋಣಿಯೇರಿ ಹೊರಟ ಜನರ ಜೊತೆಗೆ ಅದು ಶಾಂತಸಾಗರದ ದ್ವೀಪಗಳಿಗೆ ಹೋಯಿತು. ಹವಾಯಿಯಲ್ಲಿ ಇಂದಿಗೂ ಮಾಂಸವನ್ನು ಕೆಸುವಿನ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ‘ಲಾವ್‌ಲಾವ್’ ಎನ್ನುತ್ತಾರೆ. ಜಪಾನೀಯರು ಅದೇ ಕೆಸುವಿನ ಗಡ್ಡೆಯನ್ನು ‘ಸತೋಇಮೋ’ ಎಂದು ಕರೆದು ಉಣ್ಣುತ್ತಾರೆ. ಸುಶಿಯ ನಾಡಿಗೂ ಪತ್ರೊಡೆಯ ನಾಡಿಗೂ ಕೆಸು ಹೀಗೆ ಸಮಾನ ನಂಟು. ಹುಣಿಸೆಯ ಮೂಲ ಆಫ್ರಿಕ. ಎಷ್ಟೋ ಹಿಂದೆ ಬಂದು ನಮ್ಮದೇ ಆಯಿತು. ಒಣಮೆಣಸು ಮಾತ್ರ ನಿನ್ನೆ ಮೊನ್ನೆಯದು: ಅಮೆರಿಕದ ಮೂಲದ ಆ ಗಿಡ ಪೋರ್ಚುಗೀಸರ ಹಡಗುಗಳೊಡನೆ ೧೬ನೆಯ ಶತಮಾನದಲ್ಲಿ ಇಲ್ಲಿಗೆ ಬಂದಿತು. ಅದಕ್ಕೆ ಮುಂಚೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಘಟ್ಟದ ಕಾಡಿನ ಕರಿಮೆಣಸು. ಯಾವ ಮೆಣಸನ್ನು ಹುಡುಕಿಕೊಂಡು ಆ ಹಡಗುಗಳು ಬಂದವೋ ಅದೇ ಮೆಣಸು. ಇನ್ನು ಹೆಸರು: ಪತ್ರ ಎಂದರೆ ಎಲೆ, ವಡೆ ಎಂದರೆ ನಮಗೆಲ್ಲ ಗೊತ್ತಿರುವ ವಡೆ. ಇದೇ ತಿಂಡಿ ಗುಜರಾತಿನಲ್ಲಿ ‘ಪಾತ್ರಾ’, ಮಹಾರಾಷ್ಟ್ರದಲ್ಲಿ ‘ಅಳೂವಡಿ’, ಕೊಂಕಣಿಗರಲ್ಲಿ ‘ಪತ್ರಡೊ’, ದೂರದ ಹಿಮಾಚಲದಲ್ಲಿ ‘ಪತ್ರೋಡು’. ಹೂರಣ ಬೇರೆ, ಹಿಟ್ಟು ಬೇರೆ, ಕೈಯ ಚಲನೆ ಒಂದೇ.

ಇಷ್ಟು ಹಳೆಯ, ಇಷ್ಟು ಹಬ್ಬಿದ ಈ ವಿದ್ಯೆಯ ಬಗೆಗೆ ನಮ್ಮ ಗ್ರಂಥಗಳು ಏನು ಹೇಳುತ್ತವೆ? ಪಾಕಶಾಸ್ತ್ರದ ಸಾಹಿತ್ಯದಲ್ಲಿ ಕನ್ನಡನಾಡು ಬಡವಾಗಿಲ್ಲ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಅನ್ನಭೋಗದ ವಿಸ್ತಾರವಾದ ವರ್ಣನೆಯಿದೆ. ಮೂರನೆಯ ಮಂಗರಸ ೧೬ನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದ. ಈ ಮಲೆನಾಡನ್ನೇ ಆಳಿದ ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವೆಂಬ ೧೮ನೆಯ ಶತಮಾನದ ಆದಿಯ ಸಂಸ್ಕೃತ ವಿಶ್ವಕೋಶವೂ ಪಾಕವಿಷಯವನ್ನು ಬಿಟ್ಟಿಲ್ಲ. ಇವೆಲ್ಲ ನಮ್ಮ ಹೆಮ್ಮೆಯ ಕೃತಿಗಳು. ಆದರೆ ಇವುಗಳ ಕಣ್ಣು ಅರಸನ ಅಥವಾ ಉಳ್ಳವರ ಬಟ್ಟಲ ಕಡೆಗಿದೆ. ಬರೆದವರು ಗಂಡಸರು, ಓದಿದವರೂ ಬಹುಪಾಲು ಅವರೇ. ಇನ್ನು ಶಾಸನಗಳು. ಬಿ. ಎಲ್. ರೈಸರು ೧೯೦೧ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳಲ್ಲಿ, ದಾನ ಕೊಟ್ಟ ಭೂಮಿಯೂ ಅದರ ಎಲ್ಲೆಕಟ್ಟುಗಳೂ ತೆರಿಗೆಗಳೂ ಸಾಕ್ಷಿಗಳೂ ಸಿಗುತ್ತವೆ. ಆಷಾಢದಲ್ಲಿ ಕಣಜ ಬರಿದಾದಾಗ ಮನೆಯೊಡತಿ ಮಕ್ಕಳಿಗೆ ಏನು ಮಾಡಿ ಬಡಿಸಿದಳು ಎಂಬುದನ್ನು ಕಲ್ಲಿನ ಮೇಲೆ ಕೊರೆಸಲು ಯಾರಿಗೂ ಕಾರಣವಿರಲಿಲ್ಲ.

ಮಲೆನಾಡಿನ ಸಾಮಾನ್ಯ ಅಡುಗೆಮನೆ ಬರವಣಿಗೆಯಲ್ಲಿ ಗೌರವದ ಸ್ಥಾನ ಪಡೆದದ್ದು ಆಧುನಿಕ ಸಾಹಿತ್ಯದಲ್ಲಿ. ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಜನಿಸಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (೧೯೩೬) ಮತ್ತು ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಗಳಲ್ಲಿ ಒಲೆ, ಹೊಗೆ, ಕಡುಬು, ಬಡಿಸುವ ಕೈಗಳು ಕಥೆಯ ಜೊತೆಗೇ ನಡೆಯುತ್ತವೆ. ನಾಳೆ ಯಾರಾದರೂ ಈ ಸೀಮೆಯ ಆಹಾರದ ಚರಿತ್ರೆಯನ್ನು ಬರೆಯಹೊರಟರೆ ಶಾಸನ ಸಂಪುಟಕ್ಕಿಂತ ಮೊದಲು ಈ ಕಾದಂಬರಿಗಳನ್ನು ತೆರೆಯಬೇಕಾದೀತು.

ಹಾಗಾದರೆ ಇಷ್ಟು ಕಾಲ ಪತ್ರೊಡೆಯನ್ನು ಕಾಪಾಡಿದ್ದು ಯಾವುದು? ಪಕ್ಕದಲ್ಲಿ ಕುಳಿತು ನೋಡುವ ಅವಕಾಶ, ಅಷ್ಟೇ. ಹಿಟ್ಟು ಎಷ್ಟು ಗಟ್ಟಿಯಿರಬೇಕೆಂದು ಕೇಳಿದರೆ ‘ಎಲೆಗೆ ಹಿಡಿಯುವಷ್ಟು’ ಎಂಬ ಉತ್ತರ. ಎಷ್ಟು ಬಿಗಿಯಾಗಿ ಸುತ್ತಬೇಕೆಂದರೆ ‘ಬಿಚ್ಚಿಕೊಳ್ಳದ ಹಾಗೆ’ ಎಂಬ ಉತ್ತರ. ಇಂಥ ಅಳತೆಗಳು ಬರಹಕ್ಕೆ ಇಳಿಯುವುದಿಲ್ಲ, ಕೈಗೆ ಮಾತ್ರ ಇಳಿಯುತ್ತವೆ. ಆ ಅವಕಾಶವೇ ಈಗ ಕಡಿಮೆಯಾಗುತ್ತಿದೆ. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು; ಅದು ಆಗಲೇಬೇಕಾಗಿದ್ದ ಕೆಲಸ. ಆ ಬಳಿಕದ ದಶಕಗಳಲ್ಲಿ ದೊಡ್ಡ ಕುಟುಂಬಗಳು ಪಾಲಾದವು. ಗದ್ದೆಗಳು ಅಡಿಕೆ ತೋಟಗಳಾದವು. ನಾಟಿಯ ಮುಯ್ಯಾಳು ಮರೆಯಾಯಿತು. ಶೃಂಗೇರಿ ಕೊಪ್ಪ ಸೀಮೆಯ ಅಡಿಕೆಗೆ ಹಳದಿ ಎಲೆ ರೋಗ ತಗಲಿ ಎಷ್ಟೋ ತೋಟಗಳು ಸೊರಗಿದವು. ಓದಿದ ಮಕ್ಕಳು ನಗರಗಳಿಗೆ ಹೋದರು. ಅನೇಕ ಮನೆಗಳಲ್ಲಿ ಈಗ ವಯಸ್ಸಾದ ಇಬ್ಬರೇ. ಒರಳಿನ ಬದಲು ಮಿಕ್ಸಿ ಬಂದು ಶ್ರಮವನ್ನು ಕಳೆದಿದೆ, ಸಂತೋಷ; ಆದರೆ ಇಬ್ಬರಿಗಾಗಿ ಇಪ್ಪತ್ತು ಎಲೆಯ ನರ ಹೆರೆಯುವವರಾರು? ಹಳೆಯ ಮರ ಬಿದ್ದಲ್ಲಿ ಮರಕೆಸುವೂ ಹೋಯಿತು. ಯಾವ ಮರದಲ್ಲಿ ಅದು ಹುಟ್ಟುತ್ತಿತ್ತು ಎಂಬ ನೆನಪು ಆ ಇಬ್ಬರೊಡನೆ ಹೋಗುತ್ತದೆ.

ಪತ್ರೊಡೆಗೆ ಮನ್ನಣೆ ಸಿಕ್ಕಿಲ್ಲವೆಂದಲ್ಲ. ಕೇಂದ್ರದ ಆಯುಷ್ ಸಚಿವಾಲಯ ೨೦೨೧ರಲ್ಲಿ ಹೊರತಂದ ಸಾಂಪ್ರದಾಯಿಕ ಆಹಾರಗಳ ಪುಸ್ತಿಕೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಪೇಟೆಯ ಹೋಟೆಲುಗಳಲ್ಲಿ ಮಳೆಗಾಲದ ವಿಶೇಷವೆಂದು ಮಾರುತ್ತಾರೆ. ಇವು ಒಳ್ಳೆಯ ಸಂಗತಿಗಳೇ. ಆದರೆ ಪುಸ್ತಿಕೆ ಪಾಕವನ್ನು ಉಳಿಸಬಲ್ಲುದು, ಕೈಯನ್ನು ಉಳಿಸಲಾರದು. ಹೋಟೆಲು ರುಚಿಯನ್ನು ಕೊಡಬಲ್ಲುದು, ಸುತ್ತ ಕುಳಿತ ಹೊತ್ತನ್ನು ಕೊಡಲಾರದು.

ಇಲ್ಲಿಯೇ ಸುಶಿ ನಮಗೆ ಉಪಯೋಗಕ್ಕೆ ಬರುತ್ತದೆ. ಮಕ್ಕಳು ಪರದೇಶದ ತಿಂಡಿಗೆ ಮರುಳಾದರು ಎಂದು ಹಿರಿಯರು ಗೊಣಗುವುದುಂಟು. ನನಗೆ ಹಾಗೆ ತೋರುವುದಿಲ್ಲ. ಅವರು ಅಲ್ಲಿ ಹುಡುಕುತ್ತಿರುವುದು ಹಸಿ ಮೀನನ್ನಲ್ಲ. ಎಷ್ಟೋ ಮನೆಗಳಲ್ಲಿ ಒಳಗಿರುವುದು ಬರಿಯ ಸೌತೆಕಾಯಿ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ೧೯೬೦-೭೦ರ ದಶಕಗಳಲ್ಲಿ ಮೀನಿನ ಬದಲು ಬೆಣ್ಣೆಹಣ್ಣನ್ನಿಟ್ಟು ಸುತ್ತಿದಾಗಲೂ ಸುಶಿಯ ಮರ್ಯಾದೆ ಕೆಡಲಿಲ್ಲ. ಒಳಗಿನದು ಬದಲಾದರೂ ಕೂಡಿ ಸುತ್ತುವ ರೀತಿ ಉಳಿಯಿತು. ಕೂಡಿ ಕುಳಿತು ಕೈಯಾಡಿಸುವ ಆಸೆ ನಮ್ಮ ಮಕ್ಕಳಲ್ಲಿ ಇನ್ನೂ ಇದೆ ಎಂಬುದಕ್ಕೆ ಆ ಭಾನುವಾರದ ಮೇಜೇ ಸಾಕ್ಷಿ. ಬಿದಿರಿನ ಚಾಪೆಯ ಮೇಲೆ ಸುರುಳಿಯನ್ನು ಬಿಗಿಯಾಗಿ ಸುತ್ತಲು ಕಲಿತ ಬೆರಳಿಗೆ ಕೆಸುವಿನ ಎಲೆ ಹೊರಗಿನದಾಗಲಾರದು. ಅವರಿಗೆ ಬೇಕಾದುದು ಉಪದೇಶವಲ್ಲ, ಒಂದು ಕರೆ. ಮುಂದಿನ ಆಷಾಢದಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಬನ್ನಿ, ಎಲೆ ಕೊಯ್ಯುವುದರಿಂದ ಹಿಡಿದು ಗಾಲಿ ಕೊಯ್ಯುವವರೆಗೆ ನೀವೇ ಮಾಡಿ, ನಾವು ಪಕ್ಕದಲ್ಲಿ ಕುಳಿತಿರುತ್ತೇವೆ ಎಂದು ಹಿರಿಯರು ಹೇಳಬೇಕು. ಗಂಡುಮಕ್ಕಳೂ ಬರಬೇಕು ಎಂಬುದನ್ನು ಬೇರೆಯಾಗಿಯೇ ಹೇಳಬೇಕು.

ಇನ್ನೊಂದು ಕೆಲಸವೂ ಇದೆ. ಉಟೊ ಊರಿನ ಬೆಳೆಗಾರರು ತಮಗೆ ತಿಳಿವಳಿಕೆ ಕೊಟ್ಟ ಹೆಂಗಸನ್ನು ನೆನೆದು ಕಲ್ಲು ನೆಟ್ಟರು. ನಮಗೆ ಕೆಸುವಿನ ತುರಿಕೆಯನ್ನು ಹುಣಿಸೆಯಿಂದ ಪಳಗಿಸಲು ಕಲಿಸಿದವಳ ಹೆಸರು ಎಲ್ಲಿಯೂ ಉಳಿದಿಲ್ಲ. ಅವಳು ಒಬ್ಬಳಾಗಿರಲಿಲ್ಲ, ಸಾವಿರಾರು ಮಂದಿಯಾಗಿದ್ದಳು. ಆದರೆ ಇಂದು ನಮ್ಮ ನಡುವೆ ಇರುವವರ ಹೆಸರುಗಳಾದರೂ ನಮಗೆ ಗೊತ್ತು. ಮನೆಯ ಹಿರಿಯಳು ಯಾವ ಮರದಿಂದ ಎಲೆ ತರುತ್ತಿದ್ದಳು, ಯಾರಿಂದ ಕಲಿತಳು, ಯಾವ ಊರಿನಿಂದ ಆ ಕೈ ಈ ಮನೆಗೆ ಬಂದಿತು ಎಂದು ಕೇಳಿ ಒಂ‌ದು ಪುಸ್ತಕದಲ್ಲಿ ಬರೆದಿಡಲು ಯಾವ ವಿದ್ವತ್ತೂ ಬೇಡ. ಪತ್ರ ಎಂಬ ಮಾತಿಗೆ ನಮ್ಮಲ್ಲಿ ಎಲೆ ಎಂಬ ಅರ್ಥವೂ ಇದೆ, ಬರೆದದ್ದು ಎಂಬ ಅರ್ಥವೂ ಇದೆ. ಮೊದಲನೆಯದನ್ನು ಇಷ್ಟು ಕಾಲ ಅಡುಗೆಮನೆ ಕಾಪಾಡಿಕೊಂಡು ಬಂದಿದೆ. ಎರಡನೆಯದು, ಓದುಬರಹ ಬಲ್ಲ ನಮ್ಮ ಕೆಲಸ. ಕೆಸುವಿನ ಎಲೆ ಮಳೆ ಇರುವಷ್ಟು ದಿನ ಮಾತ್ರ ಇರುತ್ತದೆ. ಕೇಳಬೇಕಾದವರನ್ನು ಈ ಮಳೆಗಾಲದಲ್ಲೇ ಕೇಳುವುದು ಒಳ್ಳೆಯದು.